ಎಂಟರ ಎಣಿಕೆ

ಗಾಯಕರು ಹಾಡು ನಿಲ್ಲಿಸಿ, ಮೃದಂಗವೊಂದೇ ನುಡಿಯುವ ತನಿ ಆವರ್ತನ ಆರಂಭವಾದೊಡನೆ ಕಾಫಿಗೆಂದು ಎದ್ದವರಲ್ಲಿ ನೀವೂ ಇದ್ದಿರಲ್ಲವೇ?

ನಲವತ್ತು ವರ್ಷಗಳಿಂದ ತಿರುಮಲಯ್ಯನವರು ತಮ್ಮ ಸರದಿ ಬಂದಾಗಲೆಲ್ಲ ನಿಮ್ಮಂಥವರ ಬೆನ್ನುಗಳಿಗೇ ಮೃದಂಗ ನುಡಿಸಿದ್ದರು. ಇದೇ ಕೊನೆಯ ಕಚೇರಿಯೆಂದು ಅವರು ಆ ದಿನ ನಿಶ್ಚಯಿಸಿಯೇ ಬಂದಿದ್ದರು.

“ಶುರು ಮಾಡಿ ಸ್ವಾಮಿ, ಕ್ಯಾಂಟೀನ್‌ನೋರು ನಿಮ್ಮ ತನಿಗೇ ಕಾಯ್ತಿರ್ತಾರೆ,” ಎಂದು ಪಿಟೀಲಿನವರು ಮೆಲ್ಲನೆ ನಕ್ಕರು.

ಸಭಾಂಗಣ ಬರಿದಾಯಿತು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮಾತ್ರ ಉಳಿದರು. ಆಕೆ ಬೆರಳು ಮಡಿಸುತ್ತ ಎಂಟರವರೆಗೆ ಎಣಿಸಿ, ಮತ್ತೆ ಒಂದರಿಂದ ಆರಂಭಿಸುತ್ತಿದ್ದರು. ಆದಿತಾಳದ ಎಂಟು ಎಣಿಕೆ! ತಿರುಮಲಯ್ಯನವರ ಎದೆ ತುಂಬಿತು. ಗುರುಗಳು ಹೇಳಿಕೊಟ್ಟಿದ್ದ, ಖಾಲಿ ಕುರ್ಚಿಗಳಿಗೆ ಕೇಳಿಸಲು ಮನಸ್ಸಾಗದೆ ಬಚ್ಚಿಟ್ಟುಕೊಂಡಿದ್ದ ಮುಕ್ತಾಯವನ್ನು ಅವರು ಅಂದು ಆಕೆಯೊಬ್ಬರಿಗಾಗಿ ನುಡಿಸಿದರು.

ಕಚೇರಿ ಮುಗಿದ ಮೇಲೆ ವೇದಿಕೆಯಿಂದ ಇಳಿದು ಬಂದು ಕೈಮುಗಿದರು. “ಮೃದಂಗ ಕಟ್ಟಿಟ್ಟುಬಿಡೋಣ ಅಂತಿದ್ದೆ ತಾಯಿ. ನೀವೊಬ್ರು ತಾಳ ಹಾಕ್ತಾ ಕೂತಿದ್ರಲ್ಲ, ಇನ್ನೂ ಹತ್ತು ವರ್ಷ ನುಡಿಸ್ತೀನಿ.”

“ಅಯ್ಯೋ, ನಂಗೆಲ್ಲಿ ತಾಳ ಬರತ್ತೆ ಸ್ವಾಮಿ! ನಮ್ಮ ಗುಂಪಿನವ್ರು ಚೀಲಗಳನ್ನೆಲ್ಲ ನನ್ನ ಹತ್ರ ಬಿಟ್ಟು ಕಾಫಿಗೆ ಹೋಗಿದ್ರು. ಎಂಟೂ ಇದ್ಯಾ ಅಂತ ಎಣಿಸ್ಕೋತಾ ಇದ್ದೆ.”

ಮುಂದಿನ ಕಚೇರಿಯಲ್ಲಿಯೂ ನೀವು ಏಳಲೇಬೇಕೆಂದಿದ್ದರೆ, ದಯವಿಟ್ಟು ನಿಮ್ಮ ಚೀಲವನ್ನಾದರೂ ಜೊತೆಗೆ ಒಯ್ಯಿರಿ.