ಭಾವನ ತಂಡದ ಭವಿಷ್ಯ

"ಈ ಸಲ ಮೊದಲನೇ ಸ್ಥಾನ ಭಾವನ ತಂಡಕ್ಕಂತೆ!" ಎಂದು ಫ್ರೇಮು ಜೋಡಿಸುವಾಕೆ ಮೊಬೈಲು ನೋಡಿ ಓದಿದ್ದೇ ತಡ, ಕನ್ನಡಕ ಕಾರ್ಖಾನೆಯ ಊಟದ ಕೋಣೆಯಲ್ಲಿ ಎಲ್ಲರೂ ಗೊಳ್ಳೆಂದು ನಕ್ಕರು. ಭಾವ ಮಾತ್ರ ನಗಲಿಲ್ಲ. ಡಬ್ಬಿಯ ಮುಚ್ಚಳ ಅರ್ಧ ತೆಗೆದವರು ಹಾಗೆಯೇ ಕೈ ನಿಲ್ಲಿಸಿ, ಎದುರಿಗೆ ಕೂತಿದ್ದ ಸೂಪರ್‌ವೈಸರನ ಮುಖ ನೋಡಿದರು. ಅವರು ಸೂಪರ್‌ವೈಸರನ ಸ್ವಂತ ಅಕ್ಕನ ಗಂಡ. ಅವನು ಕರೆಯುವುದನ್ನು ಕೇಳಿ ಕೇಳಿ ಇಡೀ ಕಾರ್ಖಾನೆಗೇ ಭಾವ ಆಗಿಹೋಗಿದ್ದರು.

ಕಂಪ್ಯೂಟರಿನೊಳಗೆ ನಡೆಯುವ ಬ್ಯಾಸ್ಕೆಟ್‌ಬಾಲ್ ಅದು. ಇವರು ಎಂಟು ಜನ, ಎಂಟು ತಂಡಗಳ ಯಜಮಾನರು. ಆಟಗಾರರು ಹುಟ್ಟುವುದು, ಉದ್ದ ಬೆಳೆಯುವುದು, ಮಂಡಿ ಸವೆಸಿಕೊಳ್ಳುವುದು ಎಲ್ಲವೂ ಕಂಪ್ಯೂಟರಿನಲ್ಲೇ. ಯಜಮಾನರಲ್ಲಿ ಒಬ್ಬರೂ ಕೈಯಾರೆ ಚೆಂಡು ಮುಟ್ಟಿದವರಲ್ಲ. ಹೊಸ ಸೀಸನ್ನು ಶುರುವಾಗುವ ಮುಂಚೆ ಎಂಟೂ ತಂಡಗಳ ಭವಿಷ್ಯ ಬರೆದು ಎಲ್ಲರ ಮೊಬೈಲಿಗೆ ಕಳಿಸುವುದು ಸೂಪರ್‌ವೈಸರನ ಪಾಲಿನ ಕೆಲಸ. ಅವನ ನಾಲಿಗೆಗೆ ಸಿಕ್ಕರೆ ಯಾರಿಗೂ ಉಳಿಗಾಲವಿಲ್ಲ. ಅದರಲ್ಲೂ ಭಾವನ ತಂಡ ಬಂತೆಂದರೆ ಓದುವವರಿಗೆ ಮಜವೋ ಮಜ. ವಯಸ್ಸಾದ ಆಟಗಾರರನ್ನು ಕೈಬಿಡಲು ಭಾವನಿಗೆ ಮನಸ್ಸೇ ಬಾರದು. ಹಾಗಾಗಿ ಏಳು ಸೀಸನ್ನಿನಿಂದ ಅವರದು ಕಟ್ಟಕಡೆಯ ಸ್ಥಾನ. "ಇದು ತಂಡವಲ್ಲ, ಮಂಡಿನೋವಿನ ಆಸ್ಪತ್ರೆಯ ಸರದಿ ಸಾಲು" ಎಂದು ಹೋದ ಸಲ ಬರೆದಿದ್ದವನು, ಈ ಸಲ "ಅನುಭವವೇ ಈ ತಂಡದ ಬಲ, ಇವರನ್ನು ಸೋಲಿಸುವವರಿಲ್ಲ" ಎಂದು ಬರೆದಿದ್ದ.

"ಏನ್ ಸರ್, ಭಾವನಿಗೆ ಇಷ್ಟೊಂದು ಬೆಣ್ಣೆ? ಏನೋ ತಪ್ಪು ಮಾಡಿದ ಹಾಗಿದೆ" ಎಂದು ಫ್ರೇಮಿನಾಕೆ ಛೇಡಿಸಿದಳು.

"ಹೇ, ನಾನೇನು ಮಾಡಿದೆ? ತಂಡ ಚೆನ್ನಾಗಿದೆ, ಬರೆದೆ" ಎಂದು ಸೂಪರ್‌ವೈಸರ್ ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಎರಡು ದಿನದಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಮೈಮೇಲೆ ಇರುವೆ ಬಿಟ್ಟ ಹಾಗೆ ಒಂದೇ ಸಮನೆ ಚಡಪಡಿಕೆ. ಮೊನ್ನೆ ಮ್ಯಾನೇಜರು ಅವನನ್ನು ಒಳಗೆ ಕರೆದಿದ್ದರು. ಗಾಜಿನ ಅಂಚು ಉಜ್ಜಲು ಹೊಸ ಯಂತ್ರ ಬರುತ್ತದೆ, ಉಜ್ಜುವ ಮೂವರಲ್ಲಿ ಒಬ್ಬರನ್ನು ಕೆಲಸದಿಂದ ತೆಗೆಯಬೇಕು, ನೀನೇ ಒಂದು ಹೆಸರು ಹೇಳು, ಸೋಮವಾರದವರೆಗೆ ಬಾಯಿ ಬಿಡಬೇಡ ಎಂದಿದ್ದರು. ಅವನು ಹೇಳಿದ ಹೆಸರು ಭಾವನದು. ಆಮೇಲೆ ತಂಡದ ಭವಿಷ್ಯ ಬರೆಯಲು ಕೂತರೆ, ಭಾವನನ್ನು ಬೈಯಲು ಬೆರಳೇ ಏಳಲಿಲ್ಲ.

ಕೈ ತೊಳೆಯುವ ನೆಪ ಮಾಡಿ ಅವನು ಎದ್ದು ಹೋದ. ಭಾವ ಡಬ್ಬಿ ಮುಚ್ಚಿಟ್ಟು ಹಿಂದೆಯೇ ಬಂದರು. ಅವರ ಉಗುರಿನ ಸಂದಿಯಲ್ಲಿ ಗಾಜಿನ ಬಿಳಿ ಪುಡಿ ಇನ್ನೂ ಹಾಗೆಯೇ ಇತ್ತು.

"ಹೊಸ ಯಂತ್ರ ಬಂದು ಒಬ್ಬರ ಕೆಲಸ ಹೋಗುತ್ತೆ ಅಂತ ಗುಸುಗುಸು ಇದೆಯಲ್ಲ, ನಿಜಾನಾ?" ಎಂದು ಕೇಳಿದರು.

"ನಿಜ ಅಂತ ಯಾರು ಹೇಳಿದ್ರು ಭಾವ?"

"ನೀನೇ. ನಾನು ಜ್ವರ ಬಂದು ಮಲಗಿದ್ದಾಗಲೂ ನನ್ನ ತಂಡಾನ ಉಗಿಯೋದು ಬಿಟ್ಟೋನಲ್ಲ ನೀನು. ಇವತ್ತು ತಲೆ ಮೇಲೆ ಕೂರಿಸ್ಕೊಂಡು ಮೆರೆಸ್ತಿದ್ದೀಯ. ನನಗೇನೋ ಕಾದಿದೆ ಅಂತ ಗೊತ್ತಾಗಲ್ವೇನೋ?"

ಸೂಪರ್‌ವೈಸರ್ ನೀರಿನ ನಲ್ಲಿ ತಿರುಗಿಸಿದ, ನಿಲ್ಲಿಸಿದ, ಮತ್ತೆ ತಿರುಗಿಸಿದ. "ಸೋಮವಾರ ಹೇಳ್ತಾರೆ ಭಾವ" ಎಂದ.

"ಹೆಸರು ಕೊಟ್ಟಿದ್ದು ಯಾರು?"

"ನಾನೇ. ಬೇರೆಯವರದು ಕೊಟ್ಟಿದ್ರೆ, ಭಾವನ್ನ ಉಳಿಸ್ಕೊಂಡು ಬಡಪಾಯೀನ ಬಲಿ ಕೊಟ್ಟ ಅಂತ ಜನ..."

"ಜನರ ಮಾತು ಬಿಡು. ಇಪ್ಪತ್ತೆರಡು ವರ್ಷ ಗಾಜು ಉಜ್ಜಿದ್ದೀನಿ. ಮೂವರಲ್ಲಿ ಕೆಲಸ ಬರದೋನು ನಾನೇನಾ? ಅದೊಂದು ಹೇಳು ಸಾಕು."

"ಇಲ್ಲ ಭಾವ. ನಿಮ್ಮಂಥ ಕೈ ಇಲ್ಲಿ ಇನ್ನೊಬ್ಬರಿಗಿಲ್ಲ."

"ಹೌದಾ? ಅದನ್ನ ಮ್ಯಾನೇಜರಿಗೆ ಹೇಳೋದು ಬಿಟ್ಟು, ಕಂಪ್ಯೂಟರಿನ ಗೊಂಬೆಗಳ ಮೇಲೆ ಬರೆದಿದ್ದೀಯಲ್ಲೋ!"

ಸೂಪರ್‌ವೈಸರನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಊಟ ಮುಗಿದ ಗಂಟೆ ಹೊಡೆಯಿತು. ಭಾವ ಬಾಗಿಲವರೆಗೆ ಹೋದವರು ತಿರುಗಿ ಬಂದು ಅವನ ಜೇಬಿನಲ್ಲಿದ್ದ ಮೊಬೈಲು ತೆಗೆದು ಅವನ ಒದ್ದೆ ಕೈಗೇ ಕೊಟ್ಟರು.

"ಬರೆದಿರೋದನ್ನ ಮೊದಲು ಅಳಿಸು. ಎಂಟನೇ ಸ್ಥಾನ ಅಂತ ಹಾಕಿ, ಚೆನ್ನಾಗಿ ಬೈದು ಬರಿ" ಎಂದರು. "ಪ್ರತಿ ಸಲ ಸಂಜೆ ನಿಮ್ಮಕ್ಕ ಅದನ್ನ ಓದಿ ಹೊಟ್ಟೆ ಹಿಡ್ಕೊಂಡು ನಗ್ತಾಳೆ. ಈ ಹೊಗಳಿಕೆ ನೋಡಿದ್ರೆ ನನಗಿಂತ ಬೇಗ ಅವಳಿಗೆ ಅರ್ಥ ಆಗುತ್ತೆ. ಸೋಮವಾರದ ತನಕನಾದ್ರೂ ನಗಲಿ ಪಾಪ."