ಅಲ್ಲಾಡದಂಗೆ ಮಲಗೋದು

"ನಾ ಒಳೀಕ್ ಹೋಗಾಕಿಲ್ಲ ಕಣವ್ವ, ಅದು ನುಂಗ್ಬುಡ್ತದೆ!" ಎಂದು ಹುಡುಗ ಯತ್ತ ತನ್ನ ತಾಯಿ ಕರಿಯಕ್ಕನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಕೈಯಲ್ಲಿ ಹಿಡಿಯಲು ಅವನಿಗೆ ಆಗುತ್ತಿರಲಿಲ್ಲ. ನಡುಕ ಮೈಯನ್ನೆಲ್ಲ ಆವರಿಸಿ ವರ್ಷವಾಗಿತ್ತು. ತಲೆಯ ಒಳಗನ್ನು ತೋರಿಸುವ ಆ ಯಂತ್ರ ಬೆಂಗಳೂರಿನ ಸಂಶೋಧನಾಲಯಕ್ಕೆ ಹೊಸದಾಗಿ ಬಂದಿತ್ತು. ಕುರಿಮಂದೆಯನ್ನು ಗಂಡನಿಗೆ ಬಿಟ್ಟು ಕರಿಯಕ್ಕ ಅದನ್ನೇ ನಂಬಿ ಇಬ್ಬರು ಮಕ್ಕಳೊಂದಿಗೆ ಗೌಡಗೆರೆಯಿಂದ ಬಸ್ಸು ಹತ್ತಿದ್ದಳು.

ಯಂತ್ರದೊಳಗೆ ಲೋಹ ಇರಬಾರದೆಂದು ಡಾಕ್ಟರಮ್ಮ ಅವನ ಕಿವಿಯ ಒಡವೆ ಮುರುವನ್ನು ಬಿಚ್ಚುತ್ತ, "ಫೋಟೋ ತೆಗೆಸ್ಕೊಂಡ ಹಾಗೆ ಮರಿ, ಅಲ್ಲಾಡಬಾರದು ಅಷ್ಟೇ" ಎಂದು ರಮಿಸಿದಳು. ಅವನು ಇನ್ನೂ ಜೋರಾಗಿ ಅತ್ತ. ಆಗ ತಂಗಿ ನಾಗಿ, "ಎದುರ್ಕಬ್ಯಾಡ ಕಣಣ್ಣ, ನಾನೆಂಗ್ ಮಲಗ್ತೀನಿ ನೋಡು" ಎಂದು ತಾನೇ ಯಂತ್ರದ ಹಲಗೆ ಹತ್ತಿ, ಕಣ್ಣು ಮುಚ್ಚಿ ಉದ್ದಕ್ಕೆ ಮಲಗಿದಳು. ಯತ್ತ ಅಳು ನಿಲ್ಲಿಸಿ ನೋಡಿದ. ಎಷ್ಟೋ ದಿನದ ಮೇಲೆ ಕರಿಯಕ್ಕನಿಗೆ ನಗು ಬಂತು.

ಡಾಕ್ಟರಮ್ಮ ಮಾತ್ರ ನಗಲಿಲ್ಲ. ಅವಳು ನಾಗಿಯ ಎಡಗೈಯನ್ನೇ ನೋಡುತ್ತಿದ್ದಳು. ಅಲ್ಲಿ ಕಿರುಬೆರಳು ತನ್ನಷ್ಟಕ್ಕೆ ತಾನೇ ಮೆಲ್ಲಗೆ ಕುಣಿಯುತ್ತಿತ್ತು. ಯತ್ತನಿಗೂ ಹೀಗೆಯೇ ಒಂದು ಬೆರಳಿನಿಂದ ಶುರುವಾಗಿತ್ತು. ಚಳಿಗಿರಬೇಕು ಅಂದುಕೊಂಡು ಕರಿಯಕ್ಕ ಅವತ್ತು ಕಂಬಳಿ ಹೊದಿಸಿದ್ದಳು.

"ಬೆರಳು ಆಡಿಸಬ್ಯಾಡ ಕಣೇ ನಾಗಿ!" ಎಂದು ಕರಿಯಕ್ಕ ಗದರಿದಳು.

"ನಾನೆಲ್ಲಿ ಆಡಿಸ್ತಿದೀನವ್ವ?" ಎಂದಳು ನಾಗಿ, ಕಣ್ಣು ಬಿಡದೆ. "ಸುಮ್ಕೆ ಮಲಗಿವ್ನಿ."

ಕರಿಯಕ್ಕ ಆ ಪುಟ್ಟ ಬೆರಳಿನ ಮೇಲೆ ತನ್ನ ಅಂಗೈಯಿಟ್ಟು ಬಲವಾಗಿ ಒತ್ತಿದಳು. ಅಡಿಯಲ್ಲಿ ಅದು ಆಡುತ್ತಲೇ ಇತ್ತು.