ಹತ್ತು ಮುದ್ರೆ

ವರ್ಷವಿಡೀ ಒಬ್ಬರೂ ಓದದಿದ್ದರೆ ಪುಸ್ತಕದ ಅಕ್ಷರಗಳು ಅಳಿಸಿಹೋಗುತ್ತವೆ. ಅದಕ್ಕೇ, ಯಾರೂ ಒಯ್ಯದ ಪುಸ್ತಕಗಳನ್ನು ತಾನೇ ಓದಿ, ಒಳಗಿನ ಚೀಟಿಗೆ ತಾರೀಖಿನ ಮುದ್ರೆ ಒತ್ತುವುದು ಗ್ರಂಥಪಾಲಕಿ ವನಮಾಲಾಳ ಕೆಲಸ. ಗುರುಪಾದಪ್ಪನವರ ಕಾದಂಬರಿಗೆ ಮಾತ್ರ ಈ ಸಲ ಓದದೆಯೇ ಒತ್ತಿಬಿಟ್ಟಿದ್ದಳು.

ಇಂದು ಅವರದೇ ಉಪನ್ಯಾಸ. ಓದಿ ತೋರಿಸಲು ಗ್ರಂಥಾಲಯದ ಪ್ರತಿಯನ್ನು ತೆರೆದರೆ ಪುಟಗಳೆಲ್ಲ ಬಿಳಿ. ವನಮಾಲಾ ತಲೆ ತಗ್ಗಿಸಿದಳು.

“ತಪ್ಪಾತ್ರೀ ಸರ್. ನಿಮ್ಮ ಮನ್ಯಾಗಿನ ಪ್ರತಿ ತರಸೋಣೇನ್ರಿ?”

“ನಾನೇ ಬರದದ್ದು, ಏನ್ ಓದೂದು ಅಂತ ಬಿಟ್ಟಿದ್ದೆ. ಅದು ಎಂದೋ ಅಳಸಿಹೋತ್ರಿ. ಇಲ್ಲಿ ನೀವು ಓದತೀರಿ ಅಂತ ಧೈರ್ಯ ಇತ್ತು.”

ಅವರು ನೆನಪಿನಿಂದಲೇ ಶುರು ಮಾಡಿದರು. ಮೂರನೆಯ ವಾಕ್ಯಕ್ಕೆ ತಡವರಿಸಿ ನಿಂತರು. ಚೀಟಿಯ ಮೇಲಿನ ಹತ್ತು ಮುದ್ರೆಗಳನ್ನು ನೋಡಿ, “ಈ ಸಲದ್ದು ಬಿಟ್ಟರೂ ಒಂಬತ್ತು ವರ್ಷ ಓದೀರಿ. ಮುಂದಿಂದು ನೀವ ಹೇಳ್ರಿ, ಮೇಡಮ್,” ಎಂದರು.